ಏಳನೆಯ ಅಂಕಣದಲ್ಲಿ ನಾನು ಬರೆದದ್ದು

ಅಪ್ಪಾ,

ಹೋದ ತಿಂಗಳ ಕೊನೆಯ ದಿನ, ನನ್ನ ಬೀಳ್ಕೊಡುಗೆಯ ಸಭೆಯಲ್ಲಿ, ನಿನ್ನ ಮಗ ವೆಂಕಟೇಶ ಮೈಕಿನ ಮುಂದೆ ನಿಂತು ನಿನ್ನ ಬಗ್ಗೆ ಹೇಳಿದ ಸಂಗತಿ ತಪ್ಪು. ಅದನ್ನು ತಿದ್ದದೆ ಬೇರೇನನ್ನೂ ಬರೆಯಲು ನನ್ನಿಂದ ಆಗದು. "ನಮ್ಮಪ್ಪ ಬಲೇ ಮೊಂಡ," ಎಂದು ಅವನು ಶುರು ಮಾಡಿದ. "ಗಣಿ ಕೆಲಸದಿಂದ ರಿಟೈರ್ ಆದಾಗ, ಸಾಯೋಗಂಟ ಆಸ್ಪತ್ರೆ ಪುಸ್ತಕ ಮಡಿಕ್ಕಳಪ್ಪಾ ಅಂದ್ರೆ ಬ್ಯಾಡ ಅಂತ ಬರೆಸ್ಬುಟ್ಟ. ನಮ್ಮಕ್ಕ ಎಷ್ಟ್ ಏಳಿದ್ರೂ ಕೇಳ್ಲಿಲ್ಲ. ಆಮೇಲೆ ಕೆಮ್ಮಿ ಕೆಮ್ಮಿ ಪ್ರಾಣ ಬಿಟ್ಟ. ಅದ್ಕೇ ಏಳೋದು, ಟೀಚರಮ್ಮನ ಮಾತು ಕೇಳ್ಬೇಕು ಅಂತ!" ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ವೇದಿಕೆಯ ಕುರ್ಚಿಯಲ್ಲಿ ಕುಳಿತಿದ್ದ ನಾನೂ ಮುಗುಳ್ನಕ್ಕೆ. ಮೂವತ್ತೈದು ವರ್ಷ ಮಕ್ಕಳ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದವಳು ಆ ಒಂದು ತಪ್ಪನ್ನು ಸುಮ್ಮನೆ ಹೋಗಗೊಟ್ಟೆ. ಈಗ ತಿದ್ದುತ್ತಿದ್ದೇನೆ. ನೀನು ಪುಸ್ತಕ ಬೇಡವೆಂದ ದಿನ ವೆಂಕಟೇಶ ಕೋರಮಂಡಲ್ ಚಿನ್ನದ ಗಣಿಯ ಕಾರ್ಮಿಕರ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಯಲ್ಲಿ ಇರಲೇ ಇಲ್ಲ. ಊರಿನಲ್ಲಿ ಹೊಲ ಉಳುತ್ತಿದ್ದ. ಅಮ್ಮ ಆಗಲೇ ತೀರಿಕೊಂಡಿದ್ದಳು. ಮನೆಯಲ್ಲಿದ್ದವರು ನೀನು, ನಾನು, ಇಬ್ಬರೇ. ನಿನ್ನದು ಮೊಂಡುತನವಾಗಿರಲಿಲ್ಲ. "ಬೇಡ" ಎಂದು ಬರೆದ ಕೈ ನನ್ನದು. ಬರೆಯುವ ಸ್ಥಿತಿ ತಂದವಳೂ ನಾನೇ.

ಅದೇ ಸಭೆಯಲ್ಲಿ ನನಗೆ ಹಾರ ಹಾಕಿದ ಗಳಿಗೆಯನ್ನು ನಿನಗೆ ಹೇಳಬೇಕು. ಸುಗಂಧರಾಜದ ದಪ್ಪ ಹಾರ. ಅದರ ಭಾರ ಎದೆಯ ಎಡಭಾಗಕ್ಕೆ ತಗಲಿದೊಡನೆ ನಾನು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದೆ. ಹಾರ ಹಾಕಿದವರು, "ಮೇಡಂಗೆ ನಾಚಿಕೆ," ಎಂದರು. ನಾಚಿಕೆಯಲ್ಲ. ಅಲ್ಲಿ ಒಂದು ಗಂಟಿದೆ ಅಪ್ಪಾ, ಹುಣಿಸೆ ಬೀಜದಷ್ಟು. ಸಭೆಗೆ ಮೂರು ವಾರ ಮೊದಲು ಸ್ನಾನ ಮಾಡುವಾಗ ಕೈಗೆ ಸಿಕ್ಕಿತ್ತು. ನೋಯುವುದಿಲ್ಲ, ನೋಯದಿರುವುದೇ ನನ್ನನ್ನು ಹೆಚ್ಚು ಹೆದರಿಸಿತು. ಬದುಕಿರುವ ತಂದೆಗೆ ಯಾವ ಮಗಳು ಇಂಥದನ್ನು ಹೇಳಿಯಾಳು? ನೀನು ಇಲ್ಲದ ಕಾರಣಕ್ಕೇ ನಿನಗೆ ಮೊದಲು ಹೇಳಲು ಸಾಧ್ಯವಾಗುತ್ತಿದೆ ಎಂದುಕೊಂಡಿದ್ದೆ. ಆದರೆ ನಿನಗಿಂತ ಮೊದಲು ಇನ್ನೊಬ್ಬರಿಗೆ ಹೇಳಿಬಿಟ್ಟೆ. ಅದನ್ನು ಮುಂದೆ ಬರೆಯುತ್ತೇನೆ. ಆ ಮೂರು ವಾರ ಕರಿಹಲಗೆಯ ಮೇಲೆ ಬರೆಯಲು ಕೈ ಎತ್ತುವಾಗಲೂ, ಹಾಜರಿ ಕೂಗುವಾಗಲೂ, ಗಮನವೆಲ್ಲ ಅಲ್ಲಿಯೇ. ಒಮ್ಮೆ ಎರಡು ಹೆಸರುಗಳನ್ನು ಕೂಗದೆ ದಾಟಿ ಹೋದೆ. ಮಕ್ಕಳು ಎದ್ದು ನಿಂತು, "ಮಿಸ್, ನಾವೂ ಬಂದಿದ್ದೀವಿ," ಎಂದರು.

ಸಭೆ ಮುಗಿದ ಮರುದಿನ, ಶಿಕ್ಷಕರ ಸಂಘದ ಲೆಕ್ಕಪತ್ರ ನೋಡಿಕೊಳ್ಳುವ ವಿಶಾಲಾಕ್ಷಿ ಒಂದು ಫಾರಂ ತಂದುಕೊಟ್ಟಳು. ಅವಳು ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ನನ್ನ ಪಕ್ಕದ ತರಗತಿಯಲ್ಲಿ ಗಣಿತ ಹೇಳುತ್ತಾಳೆ. ಕೆಲಸದಲ್ಲಿರುವಷ್ಟು ದಿನ ನಮ್ಮ ಚಿಕಿತ್ಸೆಗೆ ಒಂದು ದಾರಿ ಇರುತ್ತದೆ. ನಿವೃತ್ತರಾದ ಮೇಲೆ ಅದು ಮುಚ್ಚುತ್ತದೆ. ಆದ್ದರಿಂದ ಸಂಘದವರು ನಿವೃತ್ತರಿಗಾಗಿ ಒಂದು ವೈದ್ಯಕೀಯ ವಿಮೆ ಮಾಡಿಸಿದ್ದಾರೆ. ಅದರಲ್ಲಿ ಎರಡು ಬಗೆ. ಮೊದಲನೆಯದು ಸಾಮಾನ್ಯ: ವೈದ್ಯರು ನೋಡುವುದಿಲ್ಲ, ನಮ್ಮ ಸಹಿಯೇ ಸಾಕು, ಸೇರಿದ ಮೇಲೆ ಬಂದ ಕಾಯಿಲೆಗೆ ಮರುದಿನದಿಂದಲೇ ಖರ್ಚು ಕೊಡುತ್ತಾರೆ, ಮೊದಲೇ ಇದ್ದ ಕಾಯಿಲೆಗೆ ಎಂದೂ ಕೊಡುವುದಿಲ್ಲ. ಎರಡನೆಯದು ವಿಶೇಷ: ಕಂತು ಹೆಚ್ಚು, ವೈದ್ಯರ ಪರೀಕ್ಷೆ ಆಗಬೇಕು, ಇರುವ ಕಾಯಿಲೆಯನ್ನೂ ಒಪ್ಪಿಕೊಳ್ಳುತ್ತಾರೆ, ಆದರೆ ಒಂದು ವರ್ಷ ಕಳೆದ ಮೇಲೆ. ಬೇಡವೆನಿಸಿದರೆ ಅವರು ನಮ್ಮನ್ನು ನಿರಾಕರಿಸಲೂಬಹುದು. ಎರಡರಲ್ಲಿ ಒಂದನ್ನು ಈ ತಿಂಗಳೊಳಗೆ ಆರಿಸಬೇಕು. ಒಮ್ಮೆ ಆರಿಸಿದರೆ ಬದಲಾಯಿಸುವಂತಿಲ್ಲ. ತಿಂಗಳು ದಾಟಿದರೆ ಸೇರುವಂತೆಯೇ ಇಲ್ಲ. ಏಳನೆಯ ಅಂಕಣದಲ್ಲಿ ಪ್ರಶ್ನೆ ಹೀಗಿತ್ತು: "ಈಗ ತಮ್ಮ ದೇಹದಲ್ಲಿ ಯಾವುದಾದರೂ ಕಾಯಿಲೆ ಅಥವಾ ಕಾಯಿಲೆಯ ಲಕ್ಷಣ ಇದೆಯೇ?" ಅದನ್ನು ಓದಿದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ನಿನ್ನ ಫಾರಂ. ನಿನಗೆ ನೆನಪಿದೆಯೇ? ಇಲ್ಲದಿದ್ದರೇ ಒಳ್ಳೆಯದಿತ್ತು ಅನ್ನಿಸುತ್ತದೆ, ಆದರೆ…

ಇಪ್ಪತ್ತು ವರ್ಷಗಳ ಹಿಂದಿನ ಆ ಭಾನುವಾರ, ನೀನು ಬೆಳಗಿನ ಪಾಳಿಯಿಲ್ಲದೆ ಬಾಗಿಲಲ್ಲಿ ಕುಳಿತು ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆ ನೋಡುತ್ತಿದ್ದೆ. ನಾನು ಬಂಗಾರಪೇಟೆಯಿಂದ ರೈಲಿನಲ್ಲಿ ಬಂದು ಇಳಿದಿದ್ದೆ. ಗಣಿಯ ಆಸ್ಪತ್ರೆಯಲ್ಲಿ ಸಾಯುವವರೆಗೂ ಚಿಕಿತ್ಸೆ ಸಿಗುವ ಆ ಪುಸ್ತಕ ಬೇಕೋ ಬೇಡವೋ ಎಂದು ನಿವೃತ್ತರಾಗುವವರು ಬರೆದು ಕೊಡಬೇಕಿತ್ತು. ಬೇಕು ಎನ್ನುವವರು ಇನ್ನೊಂದು ಮಾತಿಗೂ ಹೆಬ್ಬೆಟ್ಟು ಒತ್ತಬೇಕು: "ಪ್ರತಿ ವರ್ಷ ಎದೆಯ ಪರೀಕ್ಷೆಗೆ ನಾನೇ ಹಾಜರಾಗಿದ್ದೇನೆ, ನನಗೆ ಕೆಮ್ಮು ಇಲ್ಲ." ನಾನು ಅದನ್ನು ಗಟ್ಟಿಯಾಗಿ ಓದಿದೆ. ನೀನು, "ಊಂ, ಇಲ್ಲ ಅಂತ ಬರಿ," ಎಂದೆ, ಹೇಳುವಾಗಲೇ ಕೆಮ್ಮಿದೆ.

ಆಗ ನೀನೇ ನಗುತ್ತಾ ಒಂದು ಗುಟ್ಟನ್ನು ಬಿಚ್ಚಿದೆ, ಅದರ ಒಂದೊಂದು ಮಾತೂ ನನಗೆ ನೆನಪಿದೆ. ಕಲ್ಲಿಗೆ ತೂತು ಹೊಡೆಯುವವರ ಎದೆಯಲ್ಲಿ ಧೂಳು ಕಂಡರೆ ಅವರನ್ನು ಗಣಿಯಿಂದ ತೆಗೆದು ನೆಲದ ಮೇಲಿನ ಕೆಲಸಕ್ಕೆ ಹಾಕುತ್ತಾರೆ. ಮೇಲಿನ ಕೆಲಸಕ್ಕೆ ಸಂಬಳವೂ ಕಡಿಮೆ, ಮರ್ಯಾದೆಯೂ ಕಡಿಮೆ. ಅದಕ್ಕೆ ನಿಮ್ಮ ತಂಡದವರು ಒಂದು ಪದ್ಧತಿ ಮಾಡಿಕೊಂಡಿದ್ದಿರಿ. ಎದೆಯ ಎಕ್ಸ್-ರೇ ಫೋಟೋ ತೆಗೆಯುವ ದಿನ ಕೆಮ್ಮುವವನ ನಂಬರಿನ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು, ಕೆಮ್ಮದ ಗೆಳೆಯ ಹೋಗಿ ನಿಲ್ಲುವುದು. ಏಳು ವರ್ಷ ನಿನ್ನ ಬದಲು ನಿಂತವನು ಅಂತೋಣಿ, ತಂಡದ ಮೇಸ್ತ್ರಿಯಾಗಿದ್ದ ನಿನ್ನ ಕೈಕೆಳಗಿನ ಹುಡುಗ, ನನ್ನ ವಯಸ್ಸಿನವನು. "ನನ್ ಎದೆ ಬಂಗಾರ್ದಂಗೈತೆ ಕಣಮ್ಮಾ, ಕಾಗದ್ದಾಗೆ! ಅದು ಅಂತೋಣಿದು," ಎಂದು ನೀನು ನಕ್ಕೆ. ನಾನು ನಗಲಿಲ್ಲ.

"ಸುಳ್ಳನ್ನು ನಾನು ಬರೆಯಲಾರೆ" ಎಂದೆ. ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟೆ. ನೀನು ನನ್ನ ಮುಖ ನೋಡಿದೆ. "ಅಂಗಾದ್ರೆ ನಿಜ ಬರೀತೀಯಾ? ಅಂತೋಣಿ ಎಸ್ರು ಬಂದ್ರೆ ಅವನ್ ಕೆಲ್ಸ ಓಗ್ತದೆ. ಮೂರ್ ಮಕ್ಳವ್ರೆ ಅವ್ನಿಗೆ." ಬೇರೆ ಯಾರಿಂದಲಾದರೂ ಬರೆಸಿಕೋ ಎಂದು ನಾನು ಹೇಳಬಹುದಿತ್ತು, ಹೇಳಲಿಲ್ಲ. ಮಗಳು ಟೀಚರ್ ಆಗಿರುವಾಗ ಇನ್ನೊಬ್ಬರ ಮನೆ ಬಾಗಿಲಿಗೆ ಫಾರಂ ಹಿಡಿದು ನೀನು ಹೋಗುವವನಲ್ಲವೆಂದು ನನಗೆ ಗೊತ್ತಿತ್ತು. ಕೊನೆಗೆ ನೀನೇ, "ಪುಸ್ತಕ ಬ್ಯಾಡ ಅಂತ ಬರ್ಕೊ. ಅದ್ರಾಗೇನೂ ಸುಳ್ಳಿಲ್ಲ ತಾನೇ?" ಎಂದೆ. ನಾನು ಬರೆದೆ. ನಿನ್ನ ಹೆಬ್ಬೆರಳು ಅಲುಗದಂತೆ ನಾನೇ ಹಿಡಿದು ಒತ್ತಿಸಿದೆ. ಒಂದು ಅಕ್ಷರವನ್ನೂ ಹೊಡೆದು ಹಾಕದೆ ಫಾರಂ ತುಂಬಿದೆನೆಂಬ ಸಮಾಧಾನ ಆ ಹೊತ್ತಿನಲ್ಲಿಯೂ ನನಗಿತ್ತು. ಎಂಥ ಸಮಾಧಾನ ಅದು, ಅಪ್ಪಾ?

ಆಮೇಲೆ, ಗಣಿ ಬಿಟ್ಟು ಹೋದ ಊರಿನ ಜಗಲಿಯಲ್ಲಿ ಮೂರು ದಿಂಬಿಗೆ ಒರಗಿ ನೀನು ಕುಳಿತಿರುತ್ತಿದ್ದದ್ದನ್ನು ನಾನು ಪ್ರತಿ ಶನಿವಾರ ನೋಡಿದ್ದೇನೆ, ನಾಲ್ಕು ವರ್ಷ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಬಂದವರೆಲ್ಲ ಕೇಳಿದರೆ, "ಬೀಡಿ ಕೆಮ್ಮು," ಎನ್ನುತ್ತಿದ್ದೆ. ಜೀವಮಾನದಲ್ಲಿ ನೀನು ಒಂದು ಬೀಡಿ ಸೇದಿದವನಲ್ಲ. ನಾನು ಎದುರಿಗೆ ಕುಳಿತು ಆ ಸುಳ್ಳನ್ನು ಕೇಳಿಸಿಕೊಂಡೆ, ಒಮ್ಮೆಯೂ ತಿದ್ದಲಿಲ್ಲ. ಪುಸ್ತಕ ಇದ್ದಿದ್ದರೆ ನೀನು ಉಳಿಯುತ್ತಿದ್ದೆ ಎಂದು ನಾನು ಹೇಳುವುದಿಲ್ಲ; ಅದು ನನಗೆ ತಿಳಿಯದು. ಆಮ್ಲಜನಕ ಸಿಗುತ್ತಿತ್ತು, ಹಾಸಿಗೆ ಸಿಗುತ್ತಿತ್ತು, ರಾತ್ರಿಯ ಹೊತ್ತು ಒಬ್ಬ ನರ್ಸ್… ಇಷ್ಟಾದರೂ ಸಿಗುತ್ತಿತ್ತು. ನನ್ನನ್ನು ನೀನು ಬೈಯಲಿಲ್ಲ ಏಕೆ? ಬೈದಿದ್ದರೆ ನಾನು ಇಷ್ಟು ವರ್ಷ ಅಂತೋಣಿಯ ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿರಲಿಲ್ಲವೇನೋ.

ಕಳೆದ ಸೋಮವಾರ ವಿಶಾಲಾಕ್ಷಿಯನ್ನು ನಿಲ್ಲಿಸಿ, ನಮ್ಮ ಸಂಬಂಧಿಕರೊಬ್ಬರ ವಿಷಯವೆಂದು ಕೇಳಿದೆ: ಮೈಯಲ್ಲಿ ಏನೋ ಇದೆ, ಇನ್ನೂ ವೈದ್ಯರಿಗೆ ತೋರಿಸಿಲ್ಲ, ಅಂಥವರು ಏಳನೆಯ ಅಂಕಣದಲ್ಲಿ ಏನು ಬರೆಯಬೇಕು? ಅವಳು ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು: "ಡಾಕ್ಟ್ರು ಹೇಳೋವರ್ಗೂ ಅದು ಕಾಯಿಲೇನೇ ಅಲ್ಲ ಮೇಡಂ. ಮೊದ್ಲು 'ಇಲ್ಲ' ಅಂತ ಬರ್ದು ಸಾಮಾನ್ಯಕ್ಕೆ ಸೇರ್ಬಿಡ್ಲಿ. ಒಂದ್ ತಿಂಗ್ಳು ಬಿಟ್ಟು ಡಾಕ್ಟ್ರ ಹತ್ರ ಹೋಗ್ಲಿ. ಹೊಸಾ ಕಾಯಿಲೆ ಅಂತ ಪೂರ್ತಿ ಖರ್ಚು ಸಿಗುತ್ತೆ. ಎಲ್ರೂ ಹಂಗೇ ಮಾಡೋದು." ಆಮೇಲೆ ನನ್ನನ್ನೇ ನೋಡುತ್ತ, "ನಿಮ್ಮ ಸಂಬಂಧಿಕರಿಗೆ ಹೇಳಿ ಮೇಡಂ, ಅವ್ರು ತುಂಬಾ ಸ್ಟ್ರಿಕ್ಟು ಅಂತ ಕಾಣುತ್ತೆ. ಒಂದ್ಸಲ ಸ್ವಲ್ಪ ಸಡಿಲ ಬಿಟ್ರೆ ಏನೂ ಆಗಲ್ಲ," ಎಂದಳು.

ಮಂಗಳವಾರ ಬೆಳಿಗ್ಗೆ ನಾನು ಏನು ಮಾಡಿದೆ ಗೊತ್ತೇ? "ಇಲ್ಲ" ಎಂದು ಫಾರಂನ ಏಳನೆಯ ಅಂಕಣದಲ್ಲಿ ಪೆನ್ಸಿಲಿನಲ್ಲಿ ಬರೆದು ನೋಡಿದೆ. ಎರಡೇ ಅಕ್ಷರ. ನಿನಗೆ ಬರೆದುಕೊಡದಿದ್ದ ಅದೇ ಎರಡು ಅಕ್ಷರ ನನಗೆ ಎಷ್ಟು ಸಲೀಸಾಗಿ ಬಂದವು! ನಿಜ ಬರೆದರೆ ಖರ್ಚು ಸಿಗಲು ಒಂದು ವರ್ಷ ಕಾಯಬೇಕು. ಅಷ್ಟು ದಿನ ಈ ಗಂಟು ನನ್ನನ್ನು ಕಾಯುತ್ತದೆಯೇ? ಸುಳ್ಳು ಬರೆದರೆ, ವೈದ್ಯರ ಬಳಿ ಹೋಗದೆ ಒಂದು ತಿಂಗಳು ತಳ್ಳಬೇಕು. ಆ ತಿಂಗಳಲ್ಲಿ ಅದು ಎಲ್ಲಿಗೆ ಹಬ್ಬುತ್ತದೋ? ಎರಡು ಕಡೆಯೂ ಭಯವೇ. ಫಾರಂ ಅನ್ನು ಚೀಲಕ್ಕೆ ಹಾಕಿಕೊಂಡು ನಿಲ್ದಾಣಕ್ಕೆ ನಡೆದು, ಗಣಿಗಳ ಕಡೆ ಹೋಗುವ ಮಾರಿಕುಪ್ಪದ ರೈಲು ಹತ್ತಿ, ಉರಿಗಾಮಿನಲ್ಲಿ ಇಳಿದೆ. ಏಕೆ ಇಳಿದೆನೆಂದು ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ. ಅಂತೋಣಿ ಈಗ ಅಲ್ಲಿಯ ಲೈನ್ ಮನೆಯಲ್ಲಿ ಹೆಂಡತಿಯೊಂದಿಗೆ ಇದ್ದಾನೆಂದು ಮಾತ್ರ ತಿಳಿದಿತ್ತು.

ಅಂತೋಣಿ ನನ್ನನ್ನು ನೋಡಿ ಮಂಚದಿಂದ ಏಳಲು ಹೋಗಿ ಕೆಮ್ಮಿ ಮತ್ತೆ ಕುಳಿತ. ನಿನ್ನದೇ ಕೆಮ್ಮು, ಅಪ್ಪಾ, ಅದೇ ದನಿ. "ವಾಂಗ, ಬನ್ನಿ ಟೀಚರಕ್ಕಾ! ಮೇಸ್ತ್ರಿ ಮಗಳು ದಾರಿ ಮರೆತ್ಬಿಟ್ಟು ಬಂದ್ರಾ, ಇಲ್ಲಾ ನಾನ್ ಸತ್ತೋದೆ ಅಂತ ಯಾರಾದ್ರೂ ಹೇಳಿದ್ರಾ?" ಎಂದ. ನಾನು ನಿಂತಲ್ಲಿಂದಲೇ ನಿನ್ನ ಫಾರಂ ವಿಷಯ ಎತ್ತಿದೆ. ಕ್ಷಮೆ ಕೇಳುವ ಮಾತುಗಳನ್ನು ರೈಲಿನಲ್ಲಿ ಜೋಡಿಸಿಕೊಂಡಿದ್ದೆ. ಅವನು ಕೈ ಎತ್ತಿ ತಡೆದ. "ನಂಗೆಲ್ಲಾ ಗೊತ್ತು. ಮಾರನೇ ದಿನಾನೇ ಗಣಿ ಶಾಫ್ಟ್ ಹತ್ರ ಮೇಸ್ತ್ರಿ ಎಲ್ರಿಗೂ ಟೀ ಕೊಡಿಸ್ದ್ರು. 'ನನ್ ಮಗಳು ಎತ್ತಪ್ಪನ್ಗೂ ಸುಳ್ ಬರ್ಕೊಡ್ಲಿಲ್ಲ ಕಣ್ರಲಾ' ಅಂತ ಏನ್ ಜಂಬ ಅವ್ರಿಗೆ! ನಾನು ಆಫೀಸ್‌ಗೆ ಬಂದು, 'ಫೋಟೋಗೆ ನಿಂತಿದ್ದು ನಾನೇ' ಅಂತ ಹೇಳ್ತೀನಿ ಅಂದೆ. ಷರ್ಟ್ ಹಿಡ್ಕೊಂಡು, 'ಮಕ್ಳನ್ನ ನೋಡ್ಕೊ ಓಗ್ಲಾ' ಅಂದ್ರು." ಸ್ವಲ್ಪ ಸುಧಾರಿಸಿಕೊಂಡು, "ಆಮೇಲೆ ಕೆಮ್ಮು ಜಾಸ್ತಿ ಆದಾಗ ನಿಮ್ಮನ್ನ ಬೈದ್ರು. ಸುಮ್ನೆ ಹೇಳ್ಬಾರ್ದು, ಚೆನ್ನಾಗೇ ಬೈದ್ರು," ಎಂದು ನಕ್ಕ.

ನೀನು ಬೈದೆ ಎಂಬ ಸುದ್ದಿ ಕೇಳಿ ನನಗೆ ಎಷ್ಟು ಹಗುರವಾಯಿತೆಂದರೆ, ನಾನು ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತು ಅತ್ತೆ. ಅಂತೋಣಿಗೆ ಗಾಬರಿಯಾಯಿತು. "ನಾವು ಫೋಟೋಗೆ ಹೆದರಿದ್ವಿ ಟೀಚರಕ್ಕಾ, ಧೂಳಿಗೆ ಹೆದರ್ಲಿಲ್ಲ. ಅದು ನಮ್ ತಪ್ಪು, ನಿಮ್ದಲ್ಲ. ನಂಗೆ ಕೆಮ್ಮು ಶುರುವಾದಾಗ ನನ್ ಬಿಲ್ಲೆ ಹಾಕ್ಕೊಂಡು ಇನ್ನೊಬ್ಬ ನಿಂತ. ಕಾಗದದ ಮೇಲೆ ಎಲ್ರೂ ಪೈಲ್ವಾನ್ರೇ!" ಎಂದ. ಅಳು ನಿಲ್ಲಲಿಲ್ಲ. ಅವನ ಹೆಂಡತಿ ಲೂರ್ದಮ್ಮ ಒಳಗಿನಿಂದ ಬಂದು ನನ್ನ ಮುಖ ನೋಡಿದಳು. ಅವಳು ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದವಳು. "ಇದು ಅಪ್ಪನ್ಗೆ ಅಳೋ ಅಳು ಅಲ್ಲ. ನೀನ್ ಬಾಯಿ ಮುಚ್ಚು," ಎಂದು ಗಂಡನನ್ನು ಗದರಿ, ನನ್ನನ್ನು ಅಡುಗೆಮನೆಗೆ ಕರೆದೊಯ್ದು ಬಾಗಿಲು ಹಾಕಿದಳು. ನಿನಗೂ ಮೊದಲು ನಾನು ಹೇಳಿದ್ದು ಅವಳಿಗೆ. ಅವಳು ಕೈಯನ್ನು ಒಲೆಯ ಮುಂದೆ ಬೆಚ್ಚಗೆ ಮಾಡಿಕೊಂಡು ಮುಟ್ಟಿ ನೋಡಿದಳು. ತುಂಬ ಹೊತ್ತು ನೋಡಿದಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. "ಏನು ಅಂತ ನಂಗೆ ಗೊತ್ತಾಗಲ್ಲ ಅಕ್ಕಾ," ಎಂದಳು. "ತಿಂಗ್ಳು ಕಾಯೋದಲ್ಲ ಇದು. ನಾಳೇನೇ ಹೋಗೋಣ, ನಾನೂ ಬರ್ತೀನಿ."

ಬುಧವಾರ ಬಂಗಾರಪೇಟೆಯ ಡಾಕ್ಟರಮ್ಮನ ಮುಂದೆ ಲೂರ್ದಮ್ಮ ನನ್ನ ಕೈ ಹಿಡಿದುಕೊಂಡೇ ಕುಳಿತಿದ್ದಳು, ನಾನು ಒಂದನೆಯ ತರಗತಿಗೆ ಸೇರಲು ಬಂದ ಮಗುವಿನಂತೆ. ಡಾಕ್ಟರಮ್ಮ ಕಂಕುಳನ್ನೂ ನೋಡಿದರು, ಪ್ರಶ್ನೆಗಳನ್ನು ಕೇಳಿದರು, ಸೋಮವಾರ ಬೆಂಗಳೂರಿಗೆ ಹೋಗುವಂತೆ ಚೀಟಿ ಬರೆದರು. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಸ್ವಲ್ಪ ಭಾಗ ತೆಗೆದು ಪರೀಕ್ಷೆ ಮಾಡಿದ ಹೊರತು ಏನನ್ನೂ ಹೇಳಲಾಗದು ಎಂದರು. ಇಷ್ಟು ಬೇಗ ತೋರಿಸಿದ್ದು ಒಳ್ಳೆಯದಾಯಿತು ಎಂದೂ ಸೇರಿಸಿದರು. "ಇಷ್ಟು ಬೇಗ" ಎಂದರೆ ನಾನು ಕಳೆದ ಏಳು ವಾರಗಳೇ, ಅಪ್ಪಾ? ಕೇಳುವ ಧೈರ್ಯ ಬರಲಿಲ್ಲ.

ಇವತ್ತು ಶನಿವಾರ, ಫಾರಂ ಕೊಡಲು ಕೊನೆಯ ದಿನ. ಬೆಳಿಗ್ಗೆ ವೆಂಕಟೇಶನನ್ನು ಬರಹೇಳಿದ್ದೆ. ಅವನು ಹಾಲಿನ ಕ್ಯಾನನ್ನು ಬಾಗಿಲಲ್ಲಿಟ್ಟು ಒಳಗೆ ಬಂದಾಗ ಮೊದಲು ನಿನ್ನ ಫಾರಂ ವಿಷಯವನ್ನು ಹೇಳಿದೆ. ಒಂದು ಮಾತನ್ನೂ ಬಿಡಲಿಲ್ಲ. ಅವನು ತಲೆಯ ಟವೆಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಅಂಗಾರೆ ಇಷ್ಟ್ ವರ್ಷ ಅಪ್ಪನ್ನ ಮೊಂಡ ಮೊಂಡ ಅಂತ ನಾನು ಊರ್ತುಂಬಾ ಏಳ್ಕೊಂಡ್ ತಿರುಗ್ತಿದ್ರೆ, ನೀನು ಕೇಳ್ಕೊಂಡು ಸುಮ್ಕೆ ಕುಂತಿದ್ದೆ? ಅಲ್ಲಕ್ಕಾ, ನಾನು ಕಾಗುಣಿತ ತಪ್ಪಿದ್ರೆ ಕಿವಿ ಇಂಡ್ತಿದ್ದೋಳು ನೀನು!" ಎಂದ. ನಾನು, "ಹೌದು" ಎಂದೆ. ಆಮೇಲೆ ಗಂಟಿನ ವಿಷಯ ಹೇಳಿದೆ. ಅವನು ಎದ್ದು ಹೋಗಿ ಕ್ಯಾನಿನ ಮುಚ್ಚಳವನ್ನು ಸುಮ್ಮನೆ ಬಿಗಿ ಮಾಡಿ ಬಂದು, "ಸೋಮವಾರ ಆಲು ಆಕ್ಬುಟ್ಟು ಬತ್ತೀನಿ. ಬೆಂಗ್ಳೂರ್ಗೆ ನೀನೊಬ್ಳೇ ಓಗ್ಬ್ಯಾಡ," ಎಂದ.

ಹತ್ತು ಗಂಟೆಗೆ ನಾನು ಬರಹೇಳಿದ್ದ ಉಳಿದವರೂ ಬಂದು ಸೇರಿದ ಮೇಲೆ ನಾನು ಮೇಜಿನ ಮುಂದೆ ಕುಳಿತು ಪೆನ್ಸಿಲಿನ "ಇಲ್ಲ"ವನ್ನು ರಬ್ಬರಿನಿಂದ ಅಳಿಸಿದೆ. ವಿಶಾಲಾಕ್ಷಿ ನನ್ನ ಭುಜದ ಹಿಂದೆ ನಿಂತು, "ಮೇಡಂ, ಇನ್ನೊಂದ್ಸಲ ಯೋಚ್ನೆ ಮಾಡಿ. ಒಂದ್ ವರ್ಷ ಖರ್ಚೆಲ್ಲಾ ನೀವೇ ಹೊರ್ಬೇಕಾಗುತ್ತೆ. ಸೇರಿಸ್ಕೊಳ್ದೇನೂ ಇರ್ಬಹುದು," ಎಂದಳು. ಯೋಚಿಸಿದ್ದೇನೆ ಎಂದೆ. ಎರಡನೆಯ ಬಗೆಗೆ, ಅಂದರೆ ವಿಶೇಷಕ್ಕೆ, ಗುರುತು ಹಾಕಿದೆ. ಏಳನೆಯ ಅಂಕಣದಲ್ಲಿ "ಇದೆ. ಎಡ ಸ್ತನದಲ್ಲಿ ಗಂಟು. ಪರೀಕ್ಷೆ ಇನ್ನೂ ಆಗಬೇಕು," ಎಂದು ಶಾಯಿಯಲ್ಲಿ ಬರೆದೆ. ಅಕ್ಷರಗಳು ಗೆರೆಯಿಂದ ಕೆಳಕ್ಕೆ ಇಳಿದವು. ನನ್ನ ವಿದ್ಯಾರ್ಥಿ ಹಾಗೆ ಬರೆದಿದ್ದರೆ ಮತ್ತೆ ಬರೆಸುತ್ತಿದ್ದೆ. ಇದರಿಂದ ನನ್ನ ಭಯ ಕಡಿಮೆಯಾಯಿತೆಂದು ನೀನು ತಿಳಿಯಬೇಡ. ಹೆಚ್ಚೇ ಆಗಿದೆ. ಸೋಮವಾರದ ನಂತರ ಏನು, ಒಂದು ವರ್ಷ ಹೇಗೆ, ಆ ವರ್ಷ ಮುಗಿಯುವಾಗ ನಾನು… ಒಂದು ಮಾತು ಕೊಡುತ್ತೇನೆ: ಪರೀಕ್ಷೆಯ ಫಲಿತಾಂಶ ಏನೇ ಬರಲಿ, ಯಾರಾದರೂ ಕೇಳಿದರೆ ನಾನು ಅದಕ್ಕೆ ಬೇರೆ ಹೆಸರು ಹೇಳುವುದಿಲ್ಲ.

ನಾನು ಸಹಿ ಹಾಕಿದಾಗ ಕೋಣೆಯಲ್ಲಿ ಹಾಜರಿದ್ದವರು ಇವರು: ಫಾರಂ ಒಯ್ಯಲು ಬಂದಿದ್ದು, ಕೊನೆಗೆ ಕಣ್ಣು ಒರೆಸಿಕೊಂಡ ವಿಶಾಲಾಕ್ಷಿ, ಉರಿಗಾಮಿನಿಂದ ರೈಲಿನಲ್ಲಿ ಬಂದು, ಮೆಟ್ಟಿಲ ಮೇಲೆ ಎರಡು ಸಲ ಕುಳಿತು ಸುಧಾರಿಸಿಕೊಂಡು ಒಳಗೆ ಬಂದ ಅಂತೋಣಿ, ಅವನ ಬೆನ್ನು ನೀವುತ್ತಿದ್ದ ಲೂರ್ದಮ್ಮ, ಬಾಗಿಲಿಗೆ ಒರಗಿ ನಿಂತಿದ್ದ, ನಿನ್ನನ್ನು ಇನ್ನು ಮೊಂಡನೆಂದು ಕರೆಯದ ನಿನ್ನ ಮಗ ವೆಂಕಟೇಶ, ಮತ್ತು ಅರ್ಜಿದಾರಳು, ಕೋರಮಂಡಲ್ ಗಣಿಯ ಮೇಸ್ತ್ರಿ ಮುನಿವೆಂಕಟಪ್ಪನ ಮಗಳು, ಜಯಲಕ್ಷ್ಮಮ್ಮ.